ಕೊಕ್ಕರಿಯ ವಕೀಲ

ಮೂಡಲಗಿಯ ಭಾಂಡೆ ಅಂಗಡಿಯ ಗೊಮ್ಮಟೇಶ ಊರಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ವರ್ಷಗಟ್ಟಲೆ ಬಳಸಿ ತಳ ಸವೆದ ತಂಬಿಗೆಯನ್ನು ತಂದು ‘ನೀ ತೂತು ಇದ್ದದ್ದನ್ನ ಕೊಟ್ಟಿದ್ದಿ’ ಎಂದು ಕೂಗಾಡಿದವರಿಗೂ ‘ಹೌದ್ರಿ’ ಎಂದು ಬದಲಿಸಿ ಕೊಡುತ್ತಿದ್ದ. ಇಂಥವನು ವಾರಕ್ಕೊಮ್ಮೆ ಜಗಳ ಆಡುವುದಕ್ಕೆಂದೇ ಬಸ್ಸು ಹತ್ತಿ ಗೋಕಾಕಕ್ಕೆ ಹೋಗುತ್ತಾನೆಂದು ಯಾರಾದರೂ ಹೇಳಿದ್ದರೆ, ಅವನ ತಾಯಿ ಕಮಲಾಬಾಯಿ ಹೇಳಿದವರನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಎರಡು ಸಾವಿರದ ಮೂರನೆಯ ಇಸವಿ. ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶಿವಪುತ್ರ ಎಂಬವನು ಗೇಮ್ ಸೆಂಟರ್ ಇಟ್ಟಿದ್ದ. ಅಲ್ಲಿ ಸೂಪರ್‌ಹೀರೋಗಳ ಆಟ ಎರಡಿದ್ದವು. ಒಂದು ‘ಸಿಲ್ವರ್ ಕೋಬ್ರಾ’. ಅದರ ನಾಯಕನನ್ನು ಎಲ್ಲರೂ ನಾಗಪ್ಪ ಎನ್ನುತ್ತಿದ್ದರು. ಆತ ಮಹಡಿಯಿಂದ ಮಹಡಿಗೆ ಹಾರುತ್ತಿದ್ದ. ಅವನ ಚಾಟಿ ಬಿದ್ದ ವೈರಿ ಪರದೆಯ ಆಚೆಗೇ ಹೋಗಿ ಬೀಳುತ್ತಿದ್ದ. ಕಂಪ್ಯೂಟರ್ ಪತ್ರಿಕೆಯವರು ಅದಕ್ಕೆ ಹತ್ತಕ್ಕೆ ಒಂಬತ್ತೂವರೆ ಕೊಟ್ಟಿದ್ದರು. ಇನ್ನೊಂದು ‘ಗ್ರೇ ಹೆರಾನ್’. ಇದರ ನಾಯಕ ಬೂದು ಕೋಟಿನ, ಉದ್ದ ಕಾಲಿನ, ಬಡಕಲು ಮನುಷ್ಯ. ಸೆಂಟರಿನಲ್ಲಿ ಅವನ ಹೆಸರು ಕೊಕ್ಕರಿ. ಊರಿಗೆ ಹೊಳೆ ನುಗ್ಗಿರುತ್ತದೆ. ಕೊಕ್ಕರಿ ನೀರಲ್ಲಿ ಕಾಲೆತ್ತಿ ಹಾಕುತ್ತ ಹೋಗಿ, ಸಿಕ್ಕಿಬಿದ್ದ ಜನರನ್ನು ಬೆನ್ನ ಮೇಲೆ ಹೊತ್ತು ಒಣ ನೆಲಕ್ಕೆ ತರಬೇಕು. ಅವನಿಗೆ ಹೊಡೆಯಲು ಬರುವುದಿಲ್ಲ. ಯಾರಾದರೂ ಹೊಡೆದರೆ ಬಗ್ಗುತ್ತಾನೆ. ಪತ್ರಿಕೆಯವರು ಇದಕ್ಕೆ ಮೂರು ಅಂಕ ಕೊಟ್ಟು, ಅದರಲ್ಲಿ ಒಂದು ಮಳೆಯ ಸದ್ದಿಗೆ ಎಂದು ಬರೆದಿದ್ದರು.

“ಹೊಳಿ ಬಂದಾಗ ಇದನ್ನ ನಾವು ಪುಕ್ಕಟ ನೋಡ್ತೀವಿ,” ಎನ್ನುತ್ತಿದ್ದ ಶಿವಪುತ್ರ. “ರೊಕ್ಕ ಕೊಟ್ಟು ಯಾಕ ಆಡಬೇಕು?”

ಆಡುತ್ತಿದ್ದವನು ಗೊಮ್ಮಟೇಶ ಒಬ್ಬನೇ. ಆಡುವುದಷ್ಟೇ ಅಲ್ಲ, ಅದರ ಪರವಾಗಿ ವಾದ ಮಾಡುತ್ತಿದ್ದ. ಎದುರಾಳಿ ಅರಭಾವಿಯ ತೋಟಗಾರಿಕೆ ಕಾಲೇಜಿನ ಭೀಮರಾಯ. ಅವನು ನಾಗಪ್ಪನನ್ನು ಕೊನೆಯವರೆಗೂ ಗೆಲ್ಲಿಸಿದವನು. ಗೊಮ್ಮಟೇಶನಿಗೆ ‘ವಕೀಲ’ ಎಂದು ಹೆಸರಿಟ್ಟವನೂ ಅವನೇ.

“ನಿಮ್ಮ ನಾಗಪ್ಪ ಇಡೀ ಶಹರ ಉಳಸ್ತಾನ, ಖರೆ,” ಎಂದ ಗೊಮ್ಮಟೇಶ ಒಂದು ದಿನ. “ಆ ಶಹರದಾಗ ಒಬ್ಬರ ಹೆಸರರ ಗೊತ್ತೈತೇನು ನಿನಗ? ಕೊಕ್ಕರಿ ಬೆನ್ನ ಮ್ಯಾಲ ಕುಂತವರು ಮಾತಾಡ್ತಾರ. ಒಬ್ಬಾಂವ ತನ್ನ ಚಪ್ಪಲಿ ತೇಲಿ ಹೋತಂತ ದಾರಿ ತುಂಬ ಅಳತಾನ.”

“ಚಪ್ಪಲಿಗೆ ಅಳಾವ್ರನ್ನ ನೋಡಾಕ ನಾ ಅರಭಾವಿಯಿಂದ ಬರ್ಬೇಕೇನಲೇ?” ಎಂದ ಭೀಮರಾಯ. ಆಮೇಲೆ ತುಸು ಮೆತ್ತಗಾಗಿ, “ನೀ ಜೈನರಾಂವ. ಹೊಡಿಯೂದು ಬಡಿಯೂದು ಇಲ್ಲಂತ ನಿನಗ ಅದು ಸೇರೇತಿ. ಅದರಾಗ ತಪ್ಪೇನೂ ಇಲ್ಲ ಬಿಡು,” ಎಂದ.

ಗೊಮ್ಮಟೇಶನಿಗೆ ಅವಮಾನವಾಯಿತು. “ನಾನೂ ನಾಗಪ್ಪನ್ನ ಆಡೇನಿ. ಲೆಕ್ಕ ಇಲ್ಲದಷ್ಟು ಮಂದೀನ ಹೊಡದೇನಿ. ಮನಸ್ಸಿಗೆ ಏನೂ ಅನಸಲಿಲ್ಲ. ಅದ ನನ್ನ ತಕರಾರು.”

ಆದರೆ ಈ ವಕೀಲ ಒಂದು ಮಾತನ್ನು ಯಾರಿಗೂ ಹೇಳಿರಲಿಲ್ಲ. ಕೊಕ್ಕರಿಯ ಐದನೆಯ ಹಂತವನ್ನು ಅವನು ದಾಟಿರಲೇ ಇಲ್ಲ. ಅಲ್ಲಿ ಮುಳುಗುತ್ತಿರುವ ಮನೆಯ ಮಾಳಿಗೆಯ ಮೇಲೊಬ್ಬ ಮುದುಕಿ ಇರುತ್ತಾಳೆ. ಈ ಕಡೆಯಿಂದ ಹೋದರೆ ಆ ಕಡೆ ಸರಿಯುತ್ತಾಳೆ, ಆ ಕಡೆಯಿಂದ ಹೋದರೆ ಈ ಕಡೆ. ಅಷ್ಟರಲ್ಲಿ ಮಾಳಿಗೆ ಮುಳುಗುತ್ತದೆ. ಬೇಸಿಗೆಯಿಂದ ದೀಪಾವಳಿಯವರೆಗೆ ಅವನು ಆ ಮುದುಕಿಯ ಬೆನ್ನು ಹತ್ತಿದ್ದ.

ದೀಪಾವಳಿ ಮುಗಿದ ಮೇಲೆ ಶಿವಪುತ್ರ ಕಂಪ್ಯೂಟರುಗಳಲ್ಲಿ ಜಾಗ ಸಾಲದೆಂದು ಕೊಕ್ಕರಿಯನ್ನು ಅಳಿಸಿದ. ಸಿಡಿಯನ್ನು ಗೊಮ್ಮಟೇಶನ ಕೈಗಿಟ್ಟು, “ತಗೋ ತಮ್ಮಾ, ನಿನ್ನ ಕೂಸು. ಮನಿಗೆ ಒಯ್ಯಿ,” ಎಂದ. ಗೊಮ್ಮಟೇಶನ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಸಿಡಿಯನ್ನು ಕೈಚೀಲದಲ್ಲಿ ಹಾಕಿಕೊಂಡ. ಅದೇ ಚೀಲದಲ್ಲಿ ತಾಯಿ ತರಲು ಹೇಳಿದ್ದ ಕರದಂಟಿನ ಡಬ್ಬಿಯೂ ಇತ್ತು. ಮರುದಿನ ಹುಕ್ಕೇರಿಗೆ ಹೆಣ್ಣು ನೋಡಲು ಹೋಗುವುದಿತ್ತು.

ಹೆಣ್ಣಿನ ತಂದೆ ರಾಜಪ್ಪ ಬೆಲ್ಲದ ವ್ಯಾಪಾರಿ. ಮಗಳು ಆರತಿ ಬಿ.ಕಾಂ. ಮುಗಿಸಿ, ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ಆಕೆ ಅವಲಕ್ಕಿ ತಂದಿಟ್ಟು ತಲೆ ತಗ್ಗಿಸಿ ಕೂತಳು. ಕಮಲಾಬಾಯಿ ಚೀಲದಿಂದ ಡಬ್ಬಿ ಎಳೆದಾಗ ಸಿಡಿ ಜಾರಿ ಜಮಖಾನೆಯ ಮೇಲೆ ಬಿತ್ತು. ಆರತಿ ಅದರ ಮೇಲಿನ ಹೆಸರು ನೋಡಿದಳು.

“ಇದು ಭಾಳ ಕೆಟ್ಟ ಗೇಮ್ ರಿ,” ಎಂದಳು. ಆ ಮನೆಯಲ್ಲಿ ವರನಿಗೆ ವಧು ಆಡಿದ ಮೊದಲ ಮಾತು ಅದು.

‘ಹೌದ್ರಿ’ ಎನ್ನುವುದು ಗೊಮ್ಮಟೇಶನಿಗೆ ಅಂಗಡಿಯಲ್ಲಿ ರೂಢಿಯಾಗಿತ್ತು. ಆದರೂ ಅವನ ಬಾಯಿಂದ ಬೇರೆಯೇ ಬಂತು. “ನೀವು ಆಡೀರೇನ್ರಿ?”

“ಇಲ್ಲ. ಪತ್ರಿಕಾದಾಗ ಓದೇನಿ. ನಾಗಪ್ಪನ್ನ ಆಡಿ ಮುಗಿಸೇನಿ.” ಹುಕ್ಕೇರಿಯಲ್ಲೂ ಅವನ ಹೆಸರು ನಾಗಪ್ಪನೇ ಆಗಿತ್ತು.

“ಆಡದ ಹೆಂಗ ಕೆಟ್ಟ ಅಂತೀರಿ? ಬರೇ ಓದಿ ಊಟ ಸಪ್ಪಗ ಐತಿ ಅಂದಂಗಾತು.”

“ನಡದರ ಹೆಜ್ಜಿ ಕಿತ್ತಿಡೂದಿಲ್ಲಂತ ಕೊಕ್ಕರಿ.”

“ನೀರಾಗ ಬೆನ್ನ ಮ್ಯಾಲ ಮನಶ್ಯಾನ್ನ ಹೊತಗೊಂಡು ನೀವು ಓಡ್ರಿ ನೋಡೋಣ.”

ರಾಜಪ್ಪ ಕಮಲಾಬಾಯಿಯ ಕಡೆ ಬಾಗಿ, ಮಕ್ಕಳು ಯಾವ ವಿಷಯ ಮಾತಾಡುತ್ತಿದ್ದಾರೆಂದು ಮೆಲ್ಲಗೆ ಕೇಳಿದ. “ಹಕ್ಕಿ ವಿಷಯ ಅನಸ್ತೈತ್ರಿ,” ಎಂದಳು ಆಕೆ. ರಾಜಪ್ಪನಿಗೆ ಸಮಾಧಾನವಾಯಿತು. ಹಕ್ಕಿಯ ಮಾತಿನಿಂದ ಮುರಿದುಬಿದ್ದ ಸಂಬಂಧವನ್ನು ಅವನು ಕಂಡಿರಲಿಲ್ಲ.

“ಸಿಡಿ ಬಿಟ್ಟು ಹೋಗ್ರಿ,” ಎಂದಳು ಆರತಿ. “ಆಡಿ ಹೇಳ್ತೀನಿ. ಇದ್ದದ್ದನ್ನ ಹೇಳ್ತೀನಿ, ನಿಮ್ಮ ಮಾರಿ ನೋಡಿ ಹೇಳೂದಿಲ್ಲ.”

ಹಾಗೆಂದ ಮೇಲೆ ಗೊಮ್ಮಟೇಶನಿಗೆ ಬಚ್ಚಿಡಲು ಆಗಲಿಲ್ಲ. “ಐದನೇದ್ದರಾಗ ನಿಮಗ ತ್ರಾಸ ಆಗ್ತೈತ್ರಿ. ಮುದುಕಿ ಬರೂದಿಲ್ಲ. ನಾನೂ ಇನ್ನೂ ದಾಟಿಲ್ಲ.”

“ನಾ ಎಲ್ಲಿಗೆ ಬರೂದಿಲ್ಲಂದೆನೋ?” ಎಂದಳು ಕಮಲಾಬಾಯಿ.

ಊರಿಗೆ ವಾಪಸಾಗುವ ಬಸ್ಸು ಘೋಡಗೇರಿ ದಾಟಿತು. ತಾಯಿ, “ಹುಡುಗಿ ಎಲ್ಲಾರ ಮುಂದನ ನಿನ್ನ ಬೈದಳಲ್ಲೋ,” ಎಂದಳು.

“ನನ್ನಲ್ಲವ್ವಾ. ಕೊಕ್ಕರೀನ.”

“ಕೊಕ್ಕರಿ ನಮಗೇನಾಗಬೇಕು?”

ಕಬ್ಬಿನ ಗಾಡಿಯ ಹಿಂದೆ ಬಸ್ಸು ನಿಧಾನಕ್ಕೆ ಹೋಗುತ್ತಿತ್ತು. ಹುಡುಗಿ ಬೇಡವೆಂದರೆ ಏನು ಎಂಬುದಕ್ಕಿಂತ, ಆಟ ಕೆಟ್ಟದ್ದೆಂದರೆ ಏನು ಎಂದು ಗೊಮ್ಮಟೇಶನಿಗೆ ಹೆಚ್ಚು ಚಿಂತೆಯಾಗಿತ್ತು. ಅರ್ಧ ದಾರಿಯಲ್ಲಿ ಅದು ಉಲ್ಟಾ ಆಯಿತು. ಅದು ಅವನಿಗೇ ಆಶ್ಚರ್ಯ.

ಕೆಲವು ದಿನಗಳ ಮೇಲೆ, ಸಂತೆಯ ದಿನ, ಅಂಗಡಿಗೆ ಫೋನ್ ಬಂತು. ಗೊಮ್ಮಟೇಶ ಒಬ್ಬ ಹೆಣ್ಣುಮಗಳಿಗೆ ತಾಮ್ರದ ಕೊಡ ತೋರಿಸುತ್ತಿದ್ದ.

“ಆರತಿ ರಿ, ಹುಕ್ಕೇರಿಯಿಂದ. ಮುದುಕಿ ಬಂದಳ್ರಿ.”

ಗೊಮ್ಮಟೇಶ ಕೊಡ ಕೆಳಗಿಟ್ಟ. “ಹೆಂಗ್ರಿ?”

“ಆಕಿ ಬೆನ್ನ ಹತ್ತಿ ಹತ್ತಿ ಸಿಟ್ಟ ಬಂತು. ಕೀಬೋರ್ಡ್ ಬಿಟ್ಟು ಚಾ ಕುಡಿಯಾಕ ಒಳಗ ಹೋದೆ. ಬಂದು ನೋಡಿದರ ತಾನ ಬಂದು ಬೆನ್ನ ಮ್ಯಾಲ ಕುಂತಾಳ. ಮತ್ತೊಮ್ಮಿ ಆಡಿ ನೋಡಿದೆ, ಹಂಗ ಆತು. ನೀರಾಗ ಸುಮ್ಮ ನಿಂತರ ಬರ್ತಾಳ್ರಿ. ಓಡಿ ಬಂದು ಹಿಡಿಯಾವ್ರ ಕೈಯಾಗ ಯಾರು ಸಿಗ್ತಾರ? ನಾನಾದರೂ ಸಿಗತಿದ್ದಿಲ್ಲ.”

ಗೊಮ್ಮಟೇಶ ಫೋನ್ ಹಿಡಿದೇ ಕೂತುಬಿಟ್ಟ. ಇಷ್ಟು ತಿಂಗಳು ಅವನು ಸುಮ್ಮನೆ ನಿಂತಿರಲಿಲ್ಲ. ನಿಲ್ಲಬಹುದೆಂದು ಹೊಳೆದೂ ಇರಲಿಲ್ಲ. ಕೊಡ ಕೊಳ್ಳಲು ಬಂದ ಹೆಣ್ಣುಮಗಳು, ಮನೆಯಲ್ಲಿ ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿದಳು.

“ಮುದುಕಿ ಏನರ ಅಂದಳೇನ್ರಿ?” ಎಂದ ಅವನು ಫೋನಿಗೆ.

“ನಿನ್ನ ಬೆನ್ನಿನ ಎಲುವು ಚುಚ್ಚತಾವ ಅಂದಳು. ದಾರಿ ತುಂಬ ಅದನ್ನ ಅಂದಳು.”

“ಹಂಗಾದರ ಗೇಮ್ ಚಲೋ ಐತಿ ಅಂದಂಗಾತು.”

“ಇಲ್ರಿ. ಕ್ಯಾಮರಾ ಗ್ವಾಡಿ ಹಿಂದ ಹೋಗಿ ನಿಲ್ಲತೈತಿ, ಕೊಕ್ಕರಿ ಕಾಣೂದ ಇಲ್ಲ. ಸುಮ್ಮ ನಿಲ್ಲಬೇಕಂತ ಎಲ್ಲೂ ಹೇಳಿಲ್ಲ, ಅದು ಗೇಮ್ ಮಾಡಿದವರ ತಪ್ಪು. ಇದಕ್ಕಿಂತ ನಾಗಪ್ಪನ ಚಲೋ.” ಮತ್ತೆ ಹೇಳಿದಳು: “ಆದರ ಆರನೇದ್ದು ನಾ ಒಬ್ಬಾಕಿನ ಆಡೂದಿಲ್ಲ. ನೀವು ಬರ್ರಿ.”

ಹುಕ್ಕೇರಿಗೆ ಹೋಗುವ ಮೊದಲು ಗೊಮ್ಮಟೇಶ ಗೋಕಾಕಕ್ಕೆ ಹೋಗಿ ಮುದುಕಿ ಬಂದ ಸಂಗತಿಯನ್ನು ಹೇಳಿದ. ತಾನು ದಾಟದೆ ಇದ್ದುದನ್ನೂ ಹೇಳಿದ. ಭೀಮರಾಯ ಪೂರ್ತಿ ಕೇಳಿಸಿಕೊಂಡು, “ಅಂದ್ರ ಆಡೂದು ಬಿಟ್ಟರ ಗೆಲ್ಲತೈತಿ. ಅದಕ್ಕ ಮೂರು ಅಂಕಾನೂ ಹೆಚ್ಚಾದವು,” ಎಂದ. ಶಿವಪುತ್ರನೂ ಹೌದೆಂದ. ಕೊಕ್ಕರಿಯ ಕಡೆ ಆ ಸೆಂಟರಿನಲ್ಲಿ ಒಬ್ಬನೂ ತಿರುಗಲಿಲ್ಲ. ಗೊಮ್ಮಟೇಶ ಅವತ್ತು ವಾದ ಬೆಳೆಸಲಿಲ್ಲ. ಎಲ್ಲರಿಗೂ ಚಹಾ ಹೇಳಿ ಎದ್ದುಬಂದ.

ಹುಕ್ಕೇರಿಯಲ್ಲಿ ಇಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ, ಮರ್ಯಾದೆಗೆಂದು ರಾಜಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮರಾಠಿ ಪೇಪರ್ ಓದುತ್ತ ಕೂತ. ಆರನೆಯ ಹಂತದಲ್ಲಿ ಒಬ್ಬ ಮನುಷ್ಯ ತಾನು ಸಾಕಿದ ಆಡನ್ನು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದಿದ್ದ. ಗೊಮ್ಮಟೇಶ ಮೊದಲು ಮನುಷ್ಯನನ್ನು ಹೊರಬೇಕೆಂದ. ಆರತಿ ಆಡನ್ನು ಹೊತ್ತರೆ ಅವನು ತಾನೇ ಹಿಂದೆ ಬರುತ್ತಾನೆಂದಳು. ಆ ಮನುಷ್ಯ ಬಂದ, ಆದರೆ ನಡುನೀರಲ್ಲಿ ಆಡು ಹಾರಿ ವಾಪಸು ಹೋಯಿತು. ಇಬ್ಬರೂ ಒಬ್ಬರಿಗೊಬ್ಬರು ತಪ್ಪು ಹೊರಿಸಿದರು. ರಾಜಪ್ಪ ಪೇಪರ್ ಮಡಚಿದ.

“ಹೊತ್ತು ಮುಣಗೂದರಾಗ ಊಟ ಆಗಬೇಕು, ಏಳ್ರಿ,” ಎಂದು, ಮಗಳನ್ನು ಕೇಳಿದ, “ಏನವ್ವಾ, ಒಪ್ಪಿಗಿ ಐತೇನು?”

“ಹುಡುಗ ಒಪ್ಪಿಗಿ ಐತ್ರಿ ಅಪ್ಪಾ. ಅಂವನ ಅಭಿಪ್ರಾಯ ಒಪ್ಪಿಗಿ ಇಲ್ಲ.”

“ನಿಮ್ಮವ್ವನೂ ಹಂಗ ಅಂದಿದ್ದಳು,” ಎಂದ ರಾಜಪ್ಪ. ಅವನು ಕೈ ತೊಳೆಯಲು ಎದ್ದ. ಗೊಮ್ಮಟೇಶ ಎದ್ದವನು ತಿರುಗಿ ಕೂತು, ಒಂದು ನಿಮಿಷ ತಡೆಯಿರಿ, ಆಡು ತಾನೇ ದಂಡೆಗೆ ಬರುತ್ತಿದೆ ಎಂದ.