ಎರಡನೇ ಖಾನೆ

"ಫಾರ್ಮ್ಯಾಟ್ ಮಾಡಿದ್ರೆ ಆಮೇಲೆ ಏನ್ ಮಾಡಿದ್ರೂ ವಾಪಸ್ ಬರಂಗಿಲ್ಲಕ್ಕಾ. ಇನ್ನೊಂದ್ಸಲ ಯೋಚನೆ ಮಾಡು."

"ಮಾಡಿ ಆಗೈತೆ. ಒಂದೂ ಉಳಿಸಬ್ಯಾಡ, ಎಲ್ಲಾ ಒರೆಸಿಬಿಡು."

ಚಹಾದ ಲೋಟಗಳನ್ನು ಹಿಡಿದು ಬಾಗಿಲ ಹೊರಗೆ ಬಂದಿದ್ದ ನಾಗರತ್ನಮ್ಮ ಅಲ್ಲಿಯೇ ನಿಂತರು. ಮೊದಲು ಮಾತಾಡಿದವನು ಕಂಪ್ಯೂಟರ್ ಕೆಲಸಕ್ಕೆ ಬರುವ ಶಾಮನೂರಿನ ಮಾಲತೇಶ. ಒರೆಸಿಬಿಡು ಎಂದವಳು ಸೊಸೆ ಸುಷ್ಮಾ.

ಮಗ ದಿನೇಶ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ದಾವಣಗೆರೆಯ ಎಸ್.ಎಸ್. ಬಡಾವಣೆಯ ಈ ಮನೆಯ ಮುಂದಿನ ಕೋಣೆಯೇ ಅವನ ಸ್ಟುಡಿಯೋ. ಊರಿನ ಮದುವೆಗಳ ಫೋಟೋ, ವಿಡಿಯೋ ತೆಗೆದು ತಂದು ಇಲ್ಲಿ ಸುರಿಯುತ್ತಿದ್ದ. ಗಂಡ ತೆಗೆದದ್ದನ್ನು ಹೆಂಡತಿ ಕಂಪ್ಯೂಟರಿನ ಮುಂದೆ ಕೂತು ಕತ್ತರಿಸಿ ಜೋಡಿಸುತ್ತಿದ್ದಳು. ಜ್ವರವೆಂದು ಮಲಗಿದವನು ಏಳಲಿಲ್ಲ. ಊರಿಗೆಲ್ಲ ಫೋಟೋ ತೆಗೆದವನದು ಒಂದು ಒಳ್ಳೆಯ ಫೋಟೋ ಮನೆಯಲ್ಲಿ ಇರಲಿಲ್ಲ. ಆಧಾರ್ ಕಾರ್ಡಿಗೆಂದು ತೆಗೆಸಿದ್ದನ್ನೇ ದೊಡ್ಡದು ಮಾಡಿಸಿ ದೇವರ ಮನೆಯ ಹೊರಗೆ ಹಾಕಿದ್ದರು. ನಾಗರತ್ನಮ್ಮ ದಿನಾ ಅದರ ಮುಂದೆ ದೀಪ ಹಚ್ಚಿ ನಿಲ್ಲುತ್ತಿದ್ದರು. ಸುಷ್ಮಾ ಅದರ ಕಡೆ ಮುಖ ಎತ್ತದೆ ಹಾದುಹೋಗುತ್ತಿದ್ದಳು. ಅತ್ತೆ ಅದನ್ನು ಗಮನಿಸಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಕಾಲಿನಿಂದ ಬಾಗಿಲು ದೂಡಿ ಒಳಗೆ ಹೋದರು. ಇಬ್ಬರೂ ಮಾತು ನಿಲ್ಲಿಸಿದರು.

"ಬರ್ರಿ ಅಮ್ಮಾರೆ. ಚಹಾದ ವಾಸನಿ ಬಂತು ಅಂತ ಈಗಿನ್ನಾ ಹೇಳ್ತಿದ್ದೆ" ಎಂದು ಮಾಲತೇಶ ಕೈ ಒರೆಸಿಕೊಂಡ.

"ವಾಸನಿ ಹಿಡಿಯೋದ್ರಾಗ ನೀನು ಭಾಳ ಹುಷಾರು ಬಿಡು."

ಅವನು ನಕ್ಕ. ಸುಷ್ಮಾ ನಗಲಿಲ್ಲ.

ಗೋಡೆಗೆ ಹೊಂದಿಸಿ ಸೊಂಟದೆತ್ತರದ ಕಬ್ಬಿಣದ ಚೌಕಟ್ಟು ನಿಂತಿತ್ತು. ಕೆಳಗೆ ಬ್ಯಾಟರಿ, ನಡುವೆ ವೈರುಗಳ ಗೊಂಚಲು, ಮೇಲೆ ಅಡ್ಡ ಮಲಗಿಸಿದ ಚಪ್ಪಟೆ ಪೆಟ್ಟಿಗೆ. ಪೆಟ್ಟಿಗೆಯ ಮುಂಭಾಗದಲ್ಲಿ ಎರಡು ಖಾನೆಗಳು, ಒಂದೊಂದಕ್ಕೂ ಒಂದು ಹಸಿರು ದೀಪ. ಇದಕ್ಕೆ ಸರ್ವರ್ ಎನ್ನುತ್ತಾರೆ, ಮದುವೆಗಳೆಲ್ಲ ಇದರಲ್ಲಿ ಉಳಿಯುತ್ತವೆ, ಗಿರಾಕಿಗಳು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಫೋಟೋ ಆರಿಸಿಕೊಳ್ಳಬಹುದು ಎಂದು ಸೊಸೆ ಹೇಳಿದ್ದಳು. ಮಾಲತೇಶ ಭಾನುವಾರ ಭಾನುವಾರ ಬಂದು ಅದನ್ನು ಕಟ್ಟುತ್ತಿದ್ದ. ಬಾಯಲ್ಲಿ ಅಕ್ಕ ಎನ್ನುತ್ತಿದ್ದ. ಅಕ್ಕನ ಮನೆಗೆ ಬರುವವನು ಬಾಗಿಲು ಯಾಕೆ ಮುಚ್ಚಿಕೊಳ್ಳಬೇಕು? ಧೂಳು ಬರುತ್ತದೆ ಎನ್ನುತ್ತಿದ್ದರು. ಇಷ್ಟು ದಿನ ಇಲ್ಲದ ಧೂಳು.

"ಹಗಲೂ ರಾತ್ರಿ ಉರಿತೈತಲ್ಲಪ್ಪಾ, ಕರೆಂಟು?"

"ಒಂದು ಟ್ಯೂಬ್‌ಲೈಟ್ ತಿಂದಷ್ಟು ತಿಂತೈತೆ, ಅಷ್ಟೇ ಅಮ್ಮಾರೆ. ಹುಡುಕಿ ಹುಡುಕಿ ಕಡಿಮೆ ಉಣ್ಣೋ ಪ್ರೊಸೆಸರ್ ತಂದೀನಿ. ಕೆಲಸ ಇಲ್ಲದಾಗ ಡಿಸ್ಕುಗಳೂ ಮಲಗ್ತಾವೆ."

"ಮಲಗಿದಾವೆ ಅಂತ ನಿನಗೆ ಹೆಂಗೆ ಗೊತ್ತು? ದೀಪ ಮಿಣುಕ್ತಾನೇ ಐತಲ್ಲ."

ಹೊರಗೆ ಬಂದು ಮೀಟರಿನ ಮುಂದೆ ನಿಂತು ಅದರ ಕೆಂಪು ದೀಪವನ್ನು ಬಹಳ ಹೊತ್ತು ನೋಡಿದರು. ಸದ್ದಿಲ್ಲದೆ, ಸರಿಯಾಗಿ ಉಣ್ಣದೆ, ಇಪ್ಪತ್ನಾಲ್ಕು ತಾಸು ದುಡಿಯುವ ಯಾವುದನ್ನೂ ಅವರು ಈ ವಯಸ್ಸಿನವರೆಗೆ ಕಂಡಿರಲಿಲ್ಲ.

ಮಾಲತೇಶ ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದರು: "ಏನವ್ವಾ, ಏನು ಒರೆಸಾಕ ಹೇಳ್ತಿದ್ದಿ ಅವನಿಗೆ?"

"ಹಳೇ ಮದುವಿಗಳು ಅತ್ತಿ. ಗಿರಾಕಿಗಳಿಗೆ ಕೊಟ್ಟಾಗೈತೆ" ಎಂದು ಸುಷ್ಮಾ ಹೆಸರುಬೇಳೆ ತೊಳೆಯುತ್ತಲೇ ಇದ್ದಳು.

ಮರುದಿನ ಸೊಸೆ ಸ್ನಾನಕ್ಕೆ ಹೋದಾಗ ನಾಗರತ್ನಮ್ಮ ಸ್ಟುಡಿಯೋದ ಬೀರು ತೆಗೆದರು. ದಿನೇಶ ಇಟ್ಟಿಗೆಯಂತೆ ಜೋಡಿಸಿಟ್ಟಿದ್ದ ಕರಿ ಡಿಸ್ಕುಗಳಲ್ಲಿ ಒಂದೂ ಇರಲಿಲ್ಲ. ಮಾಲತೇಶನ ಬ್ಯಾಗು ಹೋಗುವಾಗ ಉಬ್ಬಿತ್ತೆಂಬುದು ಆಗ ನೆನಪಾಯಿತು. ಮಗ ತೆಗೆದದ್ದೆಲ್ಲ ಹೋಯಿತು. ಏನಾದರೂ ಉಳಿದಿದ್ದರೆ ಈ ಪೆಟ್ಟಿಗೆಯಲ್ಲಿ ಉಳಿದಿರಬೇಕು. ಅದನ್ನೂ ಯಾವ ಭಾನುವಾರ ಒರೆಸುತ್ತಾರೋ. ಮಾಲತೇಶ ಖಾನೆ ಎಳೆಯುವುದನ್ನು ಅವರು ನೋಡಿದ್ದರು. ಚಿಲಕ ಒತ್ತಿ ಎರಡನೇ ಖಾನೆಯನ್ನು ಎಳೆದರು. ಡಿಸ್ಕು ಬೆಚ್ಚಗಿತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಕೈಚೀಲದ ತಳದಲ್ಲಿ ಇಟ್ಟರು. ಹಸಿರು ದೀಪ ಕೆಂಪಾದದ್ದನ್ನು ನೋಡಲಿಲ್ಲ.

"ಹರಿಹರೇಶ್ವರನ ದರ್ಶನ ಮಾಡ್ಕೊಂಡು ಬರ್ತೀನಿ" ಎಂದು ಹೇಳಿ ಬಸ್ಸು ಹತ್ತಿದರು.

ದಾವಣಗೆರೆಯ ಯಾವ ಅಂಗಡಿಯಲ್ಲಿ ತೋರಿಸಿದರೂ ಅದು ಮಾಲತೇಶನ ಕಿವಿಗೆ ಬೀಳುವುದು ಖಂಡಿತ. ಹರಿಹರದಲ್ಲಾದರೆ ತಮ್ಮನ ಮಗಳು ಸಹನಾ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಸ್ಸಿಳಿದ ನಾಗರತ್ನಮ್ಮ ಗುಡಿಯ ಬೀದಿಯ ಬಾಯಲ್ಲಿ ನಿಂತು, ಕೈ ಮುಗಿಯಲು ಮನಸ್ಸಾಗದೆ, ಅಂಗಡಿಯ ಕಡೆ ತಿರುಗಿದರು. ದೇವರ ಹೆಸರು ಹೇಳಿ ಕದ್ದ ಮಾಲು ಹೊತ್ತು ಬಂದಿದ್ದರು. ಯಾವ ಮುಖ ಇಟ್ಟುಕೊಂಡು ಒಳಗೆ ಹೋಗುವುದು?

"ಇದೇನತ್ತಿ, ಹೋಳಿಗಿ ತರ್ತೀಯ ಅಂತ ನಾನು ಕಾದ್ರೆ ಹಾರ್ಡ್ ಡಿಸ್ಕ್ ತಂದೀಯ!" ಎಂದು ಸಹನಾ ನಕ್ಕು, ಅದನ್ನು ಪುಟ್ಟ ತೊಟ್ಟಿಲಿನಂಥ ಸಾಧನದಲ್ಲಿ ನಿಲ್ಲಿಸಿ ತನ್ನ ಕಂಪ್ಯೂಟರಿಗೆ ಜೋಡಿಸಿದಳು. "ಏನೈತೆ ಇದ್ರಾಗ?"

"ದಿನೇಶ ಇದಾನೋ ಇಲ್ಲೋ ನೋಡು."

ಹುಡುಗಿಯ ನಗು ನಿಂತಿತು. ಒಂದೆರಡು ಕೀಲಿ ಒತ್ತಿ, ಪರದೆಗೆ ಬಾಗಿ, "ಏನೂ ಕಾಣವಲ್ದತ್ತಿ. ಖಾಲಿ ಇದ್ದಂಗೈತೆ" ಎಂದಳು.

ನಾಗರತ್ನಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತರು. ಒರೆಸಿಬಿಟ್ಟಿದ್ದಾರೆ. ಇದನ್ನೂ ಒರೆಸಿ, ಮೇಲೆ ಹಸಿರು ದೀಪ ಹಚ್ಚಿಟ್ಟು, ಮುದುಕಿಗೇನು ಗೊತ್ತಾಗುತ್ತದೆ ಎಂದುಕೊಂಡಿದ್ದಾರೆ.

"ತಡಿ ಅತ್ತಿ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತೈತೆ. ಹೂಂ ಅಂದ್ರೆ ತೆರ್ಕೊಳ್ತೈತೆ. ಒತ್ತಲಾ?"

ಬಾಗಿಲ ಹೊರಗೆ ಕೇಳಿದ ಅದೇ ಮಾತು. ನಾಗರತ್ನಮ್ಮ ಎದ್ದು ಹುಡುಗಿಯ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದರು. "ಬ್ಯಾಡ. ಮುಟ್ಟಬ್ಯಾಡ. ಅದನ್ನ ಮಾಡಿದ್ರೆ ಮತ್ತೆ ಬರಂಗಿಲ್ಲಂತೆ."

"ಅದೂ ಖರೇನೇ" ಎಂದು ಸಹನಾ ಕೈ ಹಿಂದಕ್ಕೆಳೆದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ, "ಇದನ್ನ ಹಾಕಿದ ಮಿಷನ್ನಿಗೆ ಮಾತ್ರ ಓದಾಕ ಬರಂಗೆ ಮಾಡಿರ್ತಾರೆ ಒಮ್ಮೊಮ್ಮೆ. ಕಟ್ಟಿದವ್ರನ್ನೇ ಕೇಳಬೇಕು" ಎಂದಳು.

ಮನೆ ತಲುಪುವಾಗ ಅಂಗಳದಲ್ಲಿ ಮಾಲತೇಶನ ಬೈಕಿತ್ತು. ಭಾನುವಾರವಲ್ಲ. ಒಳಗಿನಿಂದ ಪೀಂ ಪೀಂ ಎಂದು ಬಿಡದೆ ಕೂಗುವ ಸದ್ದು. ಸ್ಟುಡಿಯೋದ ಬಾಗಿಲು ಹಾರು ಹೊಡೆದಿತ್ತು. ನೆಲದ ಮೇಲೆ ಅವನ ಬ್ಯಾಗು ಬೋರಲು ಬಿದ್ದು ಸ್ಕ್ರೂಡ್ರೈವರು, ವೈರು, ಊಟದ ಡಬ್ಬಿ ಎಲ್ಲ ಹರಡಿದ್ದವು.

"ಬ್ಯಾಗು ನೋಡಿದ್ದಾತಲ್ಲಕ್ಕಾ. ಬೈಕಿನ ಡಿಕ್ಕಿನೂ ನೋಡಿಬಿಡು" ಎನ್ನುತ್ತಿದ್ದ ಮಾಲತೇಶ.

"ಮಂದಿ ಹೆಣ್ಣುಮಕ್ಕಳ ಫೋಟೋ ಅದಾವೆ ಅದ್ರಾಗ. ನಮ್ಮನ್ನ ನಂಬಿ ಕೊಟ್ಟಾರೆ. ಖಾನೆ ತೆಗಿಯಾಕ ಬರೋದು ನಿನಗ, ನನಗ, ಇಬ್ಬರಿಗೇ" ಎಂದಳು ಸುಷ್ಮಾ. "ನಾನು ಮತ್ಯಾರನ್ನ ಕೇಳಲಿ?"

ಸೊಸೆಯ ಆ ನೋಟ ನಾಗರತ್ನಮ್ಮನಿಗೆ ಹೊಸದಲ್ಲ. ತಾವೇ ಅವನನ್ನು ಅಷ್ಟು ವಾರ ಅದೇ ಕಣ್ಣಿನಿಂದ ನೋಡಿದ್ದರು. ಕಳವು ಅವನದೆಂದೇ ಬಿಟ್ಟುಬಿಟ್ಟರೆ ಅವನು ಇನ್ನು ಈ ಮನೆಗೆ ಬರುವುದಿಲ್ಲ. ಆ ಯೋಚನೆ ಒಂದು ಗಳಿಗೆ ಬಂದು ನಿಂತದ್ದೂ ನಿಜ. ಕೈಚೀಲದೊಳಗೆ ಕೈ ಹಾಕಿ ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟರು.

"ನಾನು ತಗೊಂಡು ಹೋಗಿದ್ದೆ. ಅವನನ್ನ ಬಿಡು."

ಮಾಲತೇಶ ಡಿಸ್ಕನ್ನು ಅತ್ತಿತ್ತ ತಿರುಗಿಸಿ ನೋಡಿ ಖಾನೆಗೆ ಹಾಕಿದ. ಸ್ವಲ್ಪ ಹೊತ್ತು ಏನೇನೋ ಒತ್ತಿದ. ಕೂಗು ನಿಂತಿತು. "ಎರಡೂ ಖಾನೆಯಾಗ ಒಂದೇ ಇರ್ತೈತೆ ಅಮ್ಮಾರೆ. ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತ. ಏನೂ ಹಾಳಾಗಿಲ್ಲ" ಎಂದ. ನೆಲದ ಮೇಲಿನದನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು, ಸುಷ್ಮಾ "ಮಾಲತೇಶಾ" ಎಂದದ್ದಕ್ಕೆ ತಿರುಗದೆ ಹೋದ. ಬೈಕಿನ ಸದ್ದು ತಿರುವಿನಲ್ಲಿ ಕರಗಿತು.

"ಹರಿಹರದಾಗ ಖಾಲಿ ಅಂತು" ಎಂದರು ನಾಗರತ್ನಮ್ಮ. "ನನ್ನ ಮಗನ್ನ ಒರೆಸಿಬಿಟ್ರಿ ಅಂದ್ಕೊಂಡೆ."

ಸುಷ್ಮಾ ಕಂಪ್ಯೂಟರಿನ ಮುಂದೆ ಕೂತಳು. "ಮದುವಿ ವಿಡಿಯೋದಾಗ ಫೋಟೋ ತೆಗಿಯೋನ ದನಿ ಯಾರಿಗೆ ಬೇಕು ಅತ್ತಿ? ಇವರು ಕ್ಯಾಮರಾ ಹಿಂದ ನಿಂತು ಕೂಗ್ತಿದ್ರು, ನಾನಿಲ್ಲಿ ಕೂತು ಕತ್ತರಿಸಿ ಒಗಿತಿದ್ದೆ. ಈ ಮನಿಗೆ ಬಂದಾಗಿಂದ ನಾ ಮಾಡಿದ್ದು ಅದೇ ಕೆಲಸ. ಈಗ ಒಂದೊಂದೇ ಮದುವಿ ತೆಗೆದು, ಅವರು ಕೂಗಿದ್ದಷ್ಟನ್ನ ಆರಿಸಿ ಇದ್ರಾಗ ಇಟ್ಟೀನಿ. ಉಳಿದಿದ್ದು ಗಿರಾಕಿಗಳಿಗೆ ಕೊಟ್ಟಾಗೈತೆ, ಆ ಹಳೇ ಡಿಸ್ಕುಗಳನ್ನ ಮಾಲತೇಶನ ಕೈಲಿ ಒರೆಸಿಸಿದೆ."

"ನನಗ್ಯಾಕ ಹೇಳಲಿಲ್ಲ?"

"ನೀವು ತಡಕೊಂತೀರೋ ಇಲ್ಲೋ ಅಂತ. ನನಗೇ ಒಂದೊಂದು ದಿನ ಆಗಂಗಿಲ್ಲ."

ನಾಗರತ್ನಮ್ಮ ಅವಳ ಮುಖ ನೋಡಿದರು. ನಂಬುವುದು ಇನ್ನೂ ಅಷ್ಟು ಸುಲಭವಾಗಿರಲಿಲ್ಲ. "ಹಚ್ಚು. ಕೇಳ್ತೀನಿ" ಎಂದು ಕುರ್ಚಿ ಎಳೆದುಕೊಂಡು ಕೂತರು.

ಪರದೆಯ ಮೇಲೆ ಯಾರದೋ ಮದುವೆ. ತಾಳಿ ಕಟ್ಟಿ ಮುಗಿದು ಜನ ಮಂಟಪಕ್ಕೆ ನುಗ್ಗಿದ್ದರು. ರುಮಾಲಿನ ಹಿರಿಯರೊಬ್ಬರ ಬೆನ್ನು ಮದುಮಗಳ ತಾಯಿಗೆ ಅಡ್ಡವಾಗಿತ್ತು. ಹಿಂದಿನಿಂದ ದಿನೇಶನ ದನಿ ಬಂತು, ಸ್ವಲ್ಪ ಒರಟಾಗಿ, ಅವಸರದಲ್ಲಿ, ಊಟಕ್ಕೆ ತಡವಾದಾಗ ಬರುತ್ತಿದ್ದ ಹಾಗೆ.

"ಯಜಮಾನ್ರೇ, ಚೂರು ಸರಿರಿ. ಅವ್ವ ಕಾಣವಲ್ಲರು... ಹಾಂ, ಅಷ್ಟು ಸಾಕು. ಅವ್ವಾ, ಈಗ ಅಳಬ್ಯಾಡ್ರಿ, ಆಮೇಲೆ ಅತ್ತರಾತು. ಇಲ್ಲಿ ನೋಡ್ರಿ."

ನಾಗರತ್ನಮ್ಮ ಜಾರಿದ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಪರದೆಯ ಕಡೆ ಮುಖವಿಟ್ಟು ಅಲುಗದೆ ಕೂತರು.