ಕೈ ಹಚ್ಚದ ಯಂತ್ರ

ಮಧ್ಯಾಹ್ನದ ತನಕ ಆ ಯಂತ್ರವನ್ನು ಯಾರೂ ಮುಟ್ಟದಂತೆ ಕಾಯುವುದೊಂದೇ ರೇಣುವಿಗೆ ಉಳಿದಿದ್ದ ದಾರಿ. ಅವಳ ಮಾತು ನಿಜವಾದರೆ ನೌಕರಿ ಉಳಿಯುತ್ತಿತ್ತು. ಸುಳ್ಳಾದರೆ ನಾಳೆಯಿಂದ ದೌಂಡದ ಶಟಲ್ ರೈಲಿನಲ್ಲಿ ನಿಂತುಕೊಂಡು ಪುಣೆಗೆ ಬರುವ ತಾಪತ್ರಯವೇ ಇರಲಿಲ್ಲ.

ಪುಣೆಯ ಬಿಬವೇವಾಡಿಯಲ್ಲಿದ್ದ ಅವಳ ಆಫೀಸಿಗೆ ಜರ್ಮನಿಯ ಕಂಪನಿಯೊಂದು ಹೊಸ ವರ್ಕ್‌ಸ್ಟೇಷನ್‌ಗಳನ್ನು ಕಳಿಸಿತ್ತು. ಅವುಗಳೊಳಗೆ ಇನ್ನೂ ಮಾರುಕಟ್ಟೆಗೆ ಬಾರದ ಆಪರೇಟಿಂಗ್ ಸಿಸ್ಟಮ್. ಅದು ಬಿಡುಗಡೆಗೆ ಯೋಗ್ಯವೋ ಅಲ್ಲವೋ ಎಂದು ಪರೀಕ್ಷಿಸಿ ಸಹಿ ಹಾಕುವವಳು ರೇಣು. ದಸರೆಯ ಹೊತ್ತಿಗೆ ಎಲ್ಲ ಪರೀಕ್ಷೆಗಳೂ ಪಾಸಾಗಿದ್ದವು. ಖಂಡೇನವಮಿಯ ದಿನ ಅವಳೇ ಮುಂದಾಗಿ ಒಂದು ಯಂತ್ರಕ್ಕೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಆರತಿ ಬೆಳಗಿದಳು. ಪೂಜೆಗೆ ಕೂತ ಆಯುಧವನ್ನು ಅಂದು ಮುಟ್ಟುವಂತಿಲ್ಲವಲ್ಲ, ಆರಿಸುವುದಕ್ಕೂ ಯಾರೂ ಕೈ ಹಚ್ಚಲಿಲ್ಲ. ಹಬ್ಬ ಮುಗಿಸಿ ಬಂದು ನೋಡಿದರೆ ಯಾವ ಕೀಲಿ ಒತ್ತಿದರೂ ಅದು ಏಳಲೊಲ್ಲದು. ಕರೆಂಟ್ ತೆಗೆದು ಮತ್ತೆ ಕೊಟ್ಟಾಗ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು.

"ಹೂವಿನ ನೀರು ಒಳಗ ಇಳದದ. ಒಣಗಿದ ಮ್ಯಾಲ ಸರಿ ಆತು," ಎಂದರು ಮ್ಯಾನೇಜರ್ ಬಸವಪ್ರಭು.

ಆಫೀಸಿನ ಕಂಪ್ಯೂಟರ್ ಕೆಟ್ಟರೂ ಮನೆಯ ನಲ್ಲಿ ಕೆಟ್ಟರೂ ತಪ್ಪನ್ನು ಹತ್ತಿರ ನಿಂತವರ ತಲೆಗೆ ಕಟ್ಟುವ ಮನುಷ್ಯ. ಅಷ್ಟಕ್ಕೇ ಬಿಡದೆ ಜರ್ಮನಿಗೆ ಫೋನ್ ಮಾಡಿ, ಸಾಫ್ಟ್‌ವೇರ್ ಚೆನ್ನಾಗಿದೆ, ಹುಡುಗಿಯೊಬ್ಬಳು ಪೂಜೆ ಮಾಡಿ ಯಂತ್ರ ಕೆಡಿಸಿದಳು ಎಂದೂ ಹೇಳಿಬಿಟ್ಟರು. ರೇಣುವಿಗೆ ಮೈಯೆಲ್ಲ ಉರಿಯಿತು. ಅವಳ ಅನುಮಾನವೇ ಬೇರೆ. ಇಲ್ಲಿ ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಬಿಡದೆ ಕೀಲಿ ಕುಟ್ಟಿ, ಹೋಗುವಾಗ ತಪ್ಪದೆ ಯಂತ್ರ ಆರಿಸಿ ಹೋಗುವವರು. ಅದನ್ನು ಹಚ್ಚಿಟ್ಟು ಸುಮ್ಮನೆ ಬಿಟ್ಟರೆ ಏನಾಗುತ್ತದೆಂದು ಒಬ್ಬರೂ ನೋಡಿರಲಿಲ್ಲ.

"ಪೂಜಾ ಮಾಡಲಾರದ್ದು ಇನ್ನೊಂದು ಯಂತ್ರ ಹಂಗ ಬಿಟ್ಟು ನೋಡೂಣ್ರಿ," ಎಂದು ನಿನ್ನೆ ಬೆಳಿಗ್ಗೆ ಕೇಳಿದ್ದಳು.

"ನಾಳೆ ಮಧ್ಯಾಹ್ನದ ತನಕ ಬಿಡು. ಅದು ಎದ್ದರ ನೀ ರಾಜೀನಾಮೆ ಕೊಡು," ಎಂದಿದ್ದರು ಬಸವಪ್ರಭು.

ಈಗ ಆ ಯಂತ್ರದ ಪರದೆ ಕಪ್ಪಾಗಿತ್ತು. ಸುಮ್ಮನಿದ್ದರೆ ಅದು ಕಪ್ಪಾಗುವುದು ಸಹಜ. ಕೀಲಿ ಒತ್ತಿದಾಗ ಬೆಳಗಬೇಕು. ಒಳಗೆ ಫ್ಯಾನು ಗುಂಯ್‌ಗುಡುತ್ತಿತ್ತು. ರೇಣು ಊಟದ ಡಬ್ಬಿಯನ್ನೂ ಬಿಚ್ಚಿರಲಿಲ್ಲ.

ಕಸ ಗುಡಿಸುವ ಮರೆಮ್ಮ ಒದ್ದೆ ಬಟ್ಟೆ ಹಿಡಿದು ಮೇಜಿನತ್ತ ಬಂದಳು. ಮೌಸ್ ಕೂದಲೆಳೆಯಷ್ಟು ಅಲ್ಲಾಡಿದರೂ ಕಾದದ್ದೆಲ್ಲ ನೀರಿನಲ್ಲಿ ಹೋಮ. ರೇಣು ಅಡ್ಡ ಹೋಗಿ ಅವಳ ಮುಂಗೈ ಹಿಡಿದಳು.

"ಧೂಳು ಕೂತದಲ್ಲವ್ವ."

"ಕೂಡಲಿ ಬಿಡು. ಇವತ್ತ ಅದಕ್ಕ ಕೈ ಹಚ್ಚಬ್ಯಾಡ."

ಮರೆಮ್ಮನ ಹಿಂದೆಯೇ ಬಸವಪ್ರಭು ಬಂದರು. "ಸಂಜಿಕ ಜರ್ಮನಿಯವರಿಗೆ ಉತ್ತರ ಕೊಡಬೇಕು. ಸಾಕಿನ್ನ," ಎನ್ನುತ್ತ ಕೈ ಚಾಚಿದರು.

"ಇನ್ನೂ ಹೊತ್ತದರಿ ಸರ್. ನೀವ ಹೇಳಿದ್ದು, ಮಧ್ಯಾಹ್ನದ ತನಕ ಅಂತ."

ಅವರು ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಅಲ್ಲೇ ನಿಂತರು. ಒಂದು ವೇಳೆ ಎದ್ದುಬಿಟ್ಟರೆ ಎಂದುಕೊಳ್ಳುತ್ತ ರೇಣು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು.

ಹೇಳಿದ ಹೊತ್ತಾದ ಮೇಲೆ ಬಸವಪ್ರಭು ತಾವೇ ಕೀಲಿ ಒತ್ತಿದರು. ಪರದೆ ಕಪ್ಪು. ಮತ್ತೆ ಒತ್ತಿದರು. ಮೌಸ್ ಎಳೆದಾಡಿದರು. ಕೀಲಿಮಣೆಯನ್ನೇ ಎತ್ತಿ ಕುಕ್ಕಿದರು. ಯಂತ್ರ ಏಳಲಿಲ್ಲ. ರೇಣುವಿಗೆ ಕುಣಿಯಬೇಕೆನಿಸಿತು. ಕೆಟ್ಟದ್ದನ್ನು ಕಂಡು ಇಷ್ಟು ಹಿಗ್ಗುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಬಸವಪ್ರಭು ಬೆವರು ಒರೆಸಿಕೊಂಡರು. "ಫೇಲ್ ಅಂತ ಬರದು ಸಹಿ ಮಾಡು."

"ಮೊದಲ ಫೋನ್ ಮಾಡ್ರಿ ಸರ್. ಪೂಜಾದಿಂದ ಕೆಟ್ಟಿಲ್ಲ ಅಂತ ಹೇಳ್ರಿ. ಆಮ್ಯಾಲ ಸಹಿ."

ಅವರು ಅವಳ ಮುಖ ನೋಡಿದರು, ಗಡಿಯಾರ ನೋಡಿದರು, ಕೊನೆಗೆ ಫೋನ್ ಎತ್ತಿದರು. ತಪ್ಪು ಪೂಜೆಯದಲ್ಲ, ಸಾಫ್ಟ್‌ವೇರಿನದೇ, ನಮ್ಮ ಹುಡುಗಿಯೊಬ್ಬಳು ಕಂಡುಹಿಡಿದಳು ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಹೆಸರು ಹೇಳ್ರಿ," ಎಂದಳು ರೇಣು, ಮೆಲ್ಲಗೆ.

ಬಸವಪ್ರಭು ಗಂಟಲು ಸರಿಮಾಡಿಕೊಂಡು ಅವಳ ಹೆಸರು ಹೇಳಿದರು. ಆ ಕಡೆಯವರಿಗೆ ತಿಳಿಯಲಿಲ್ಲವೇನೋ, ಒಂದೊಂದೇ ಅಕ್ಷರ ಬಿಡಿಸಿ ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಅಷ್ಟಾದ ಮೇಲೆ ರೇಣು ಸಹಿ ಮಾಡಿದಳು.