ಅವ್ವ ನನ್ನ ಹೆಸರು ತೆಗೆಸಲು ಹೋದದ್ದು

ಮಗಳು ನಗುತ್ತ ಶಾಲೆಗೆ ಓಡುತ್ತಾಳೆಂದು ಸಿಟ್ಟಾದ ತಾಯಿ ಇಡೀ ಹಿರೇಕೆರೂರು ತಾಲೂಕಿನಲ್ಲಿ ಒಬ್ಬಳೇ. ಅವಳು ನಮ್ಮವ್ವ ಶಾರವ್ವ. ಮೊದಲಿನ ಶಾಲೆಗೆ ನನ್ನನ್ನು ಜೋಳದ ಕಣಿಕೆಯ ಬಣವೆಯಿಂದ ಎಳೆದು ತೆಗೆದು, ಜಡೆ ಹಿಡಿದು ಒಯ್ಯಬೇಕಾಗುತ್ತಿತ್ತು. ಕುಬೇರಪ್ಪ ಮಾಸ್ತರರು ಹಂಸಭಾವಿ ದಾರಿಯ ಹಳೆಯ ಹತ್ತಿ ಗೋದಾಮಿನಲ್ಲಿ ತಮ್ಮದೇ ಶಾಲೆ ತೆರೆದ ಮೇಲೆ ನಾನು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡತೊಡಗಿದೆ. ಅವ್ವನ ಅನುಮಾನ ಅಲ್ಲಿಂದ ಶುರುವಾಯಿತು.

"ಓಡಿ ಹೋಗೂ ಸಾಲಿ ಎಲ್ಲಿಯರ ಇರತೈತೇನ? ಛಡಿ ಛಂ ಛಂ, ವಿದ್ಯಾ ಘಂ ಘಂ ಅಂತಾರ. ಅಲ್ಲಿ ಛಡಿನೂ ಇಲ್ಲ, ವಿದ್ಯಾನೂ ಇಲ್ಲ."

ಛಡಿಯ ಏಟು ಇರಲಿಲ್ಲ, ನಿಜ. ಪರೀಕ್ಷೆಯೂ ಇರಲಿಲ್ಲ. ಏನಾದರೂ ಕೇಳಿದರೆ ಮಾಸ್ತರರು "ನನಗೂ ಗೊತ್ತಿಲ್ಲ, ನೋಡೋಣು ಬಾ" ಎನ್ನುತ್ತಿದ್ದರು. ಇದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳಿದ್ದೇ ನನ್ನ ತಪ್ಪು. ಗೊತ್ತಿಲ್ಲದವನ ಹತ್ತಿರ ಕಲಿಯುವುದೇನು ಎಂದು ಅಪ್ಪನೂ ಅವ್ವನ ಕಡೆ ವಾಲಿದ. ಹೆಸರು ತೆಗೆಸಿ ಹಳೆಯ ಶಾಲೆಗೆ ಹಾಕುವುದೆಂದು ತೀರ್ಮಾನವಾಯಿತು.

ಅದು ೧೯೭೯ರ ಮುಂಗಾರು. ಶಾಲೆಯ ಹಿಂದಿನ ತುಂಡು ಹೊಲದಲ್ಲಿ ನಾವೇ ಜೋಳ ಬಿತ್ತಿದ್ದೆವು. ಎತ್ತು ಹೊಡೆದವರು ಹುಡುಗರು. ಬಿತ್ತುವ ಕೂರಿಗೆಯ ಬಟ್ಟಲಿಗೆ ಬೀಜ ಬಿಟ್ಟವರು ಸ್ವತಃ ಮಾಸ್ತರರು. ನಮ್ಮ ಕಡೆ ಬೀಜ ಬಿಡುವುದು ಹೆಂಗಸರ ಕೆಲಸ, ಅದನ್ನು ಅವರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ ಅನ್ನಿ. ಹದಿನೈದು ದಿನಕ್ಕೆ ನೋಡಿದರೆ ಒಂದು ಸಾಲು ದಟ್ಟ, ಅದರ ಪಕ್ಕದ್ದು ಬೋಳು. ಊರೆಲ್ಲ ನಕ್ಕಿತು. ಮಾಸ್ತರರು ಮಾತ್ರ ಖುಷಿಯಾಗಿ, "ಯಾಕ ಹಿಂಗಾತು? ಎಣಸ್ರಿ" ಎಂದರು. ನಾನು ಮೂರು ದಿನ ಮೊಣಕಾಲೂರಿ ಸಸಿ ಎಣಿಸಿ, ಲೆಕ್ಕವನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆದಿದ್ದೆ. ಕಾರಣ ಇನ್ನೂ ಹೊಳೆದಿರಲಿಲ್ಲ.

ನಾಲ್ಕನೆಯ ದಿನ ಅವ್ವ ಬಂದಳು. "ನಮ್ಮ ಭರಮಿ ಹೆಸರು ತಗದ ಬಿಡ್ರಿ, ಮಾಸ್ತರ."

"ಕಾರಣ ಸಿಕ್ಕ ಮ್ಯಾಲ ಬರ್ತೇನಿ, ಅವ್ವ. ಇವತ್ತೊಂದಿನ ಬಿಡು," ಎಂದು ನಾನು ಅಳತೊಡಗಿದೆ. ಬಣವೆಯಲ್ಲಿ ಅಡಗುತ್ತಿದ್ದ ಹುಡುಗಿ ಶಾಲೆ ಬಿಡಲಾರೆನೆಂದು ಅಳುವುದನ್ನು ಅವ್ವ ಕಂಡಿರಲಿಲ್ಲ.

"ಎಂಥಾ ಕಾರಣ?" ಎಂದು ಹೊಲದ ಕಡೆ ಕತ್ತು ಹೊರಳಿಸಿದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬಿತ್ತಿದ ಪುಣ್ಯಾತ್ಮ ಯಾರ?"

ಮಾಸ್ತರರು ಕೈ ಎತ್ತಿದರು. "ನಾನರಿ. ತಪ್ಪೇನಂತ ನಮಗ್ಯಾರಿಗೂ ಗೊತ್ತಾಗವಲ್ದು. ನೀವರ ಹೇಳ್ರಿ, ಶಾರವ್ವಾರ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಪ್ಪತ್ತು ವರ್ಷ ಬಿತ್ತಿದ ಅವ್ವನನ್ನು ಆ ತನಕ ಯಾರೂ ಏನನ್ನೂ ಕೇಳಿರಲಿಲ್ಲ, ನಾನೂ ಸೇರಿ. ಅವಳು ಸೆರಗು ಸಿಕ್ಕಿಸಿ, ಗೋಡೆಗೆ ಆನಿಸಿದ್ದ ಕೂರಿಗೆಯನ್ನು ನಿಲ್ಲಿಸಿ, ಮುಷ್ಟಿ ತುಂಬ ಜೋಳ ಹಿಡಿದಳು. ಬಟ್ಟಲಿನ ತಳದಲ್ಲಿ ಮೂರು ತೂತು. ಒಂದೊಂದರಿಂದ ಒಂದೊಂದು ಕೊಳವೆಯಲ್ಲಿ ಒಂದೊಂದು ಸಾಲಿಗೆ ಬೀಜ ಇಳಿಯುತ್ತದೆ. ಗೆಳೆಯ ಮಜೀದ ಮೂರು ಕೊಳವೆಗಳ ಕೆಳಗೆ ಮೂರು ಲೋಟ ಇಟ್ಟ. ಅವ್ವನ ಮಣಿಕಟ್ಟು ಬಟ್ಟಲಿನ ಮೇಲೆ ಗಿರಗಿರನೆ ತಿರುಗಿತು.

ಎಣಿಸಿದೆವು. ನಲವತ್ತೊಂದು, ನಲವತ್ತು, ನಲವತ್ತೊಂದು.

ಆಮೇಲೆ ಮಾಸ್ತರರು ಬಿಟ್ಟರು. ಅವರ ಕೈ ಒಂದೇ ಕಡೆ ನಿಂತಿತ್ತು. ಒಂದು ಲೋಟ ತುಂಬಿ, ಇನ್ನೊಂದರಲ್ಲಿ ಏಳೇ ಕಾಳು. ನನ್ನ ಮೂರು ದಿನದ ಕಾರಣ ಸಿಕ್ಕಿತ್ತು. ನಾನು ಕುಣಿದುಬಿಟ್ಟೆ. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಅವ್ವ, ಎಳ್ಳು ಭಾಳ ಸಣ್ಣದು. ಅದಕ್ಕೂ ಕೈ ಇಷ್ಟ ಜೋರಿಲೆ ತಿರಗಿದ್ರ ಸಮ ಬೀಳತೈತೇನ?"

ಅವ್ವನ ಮುಖ ಕೆಂಪಾಯಿತು. "ಗೊತ್ತಿಲ್ಲ. ಎಳ್ಳ ನಾ ಎಂದೂ ಬಿತ್ತಿಲ್ಲ," ಎಂದಳು. ಯಾರೂ ನಗಲಿಲ್ಲ.

"ನನಗೂ ಗೊತ್ತಿಲ್ರಿ," ಎಂದರು ಮಾಸ್ತರರು.

ಸಂಜೆ ಅಪ್ಪ ಕೇಳಿದ, "ಹೆಸರು ತಗಸಿದೇನ?"

ಅವ್ವ ರೊಟ್ಟಿ ಬಡಿಯುತ್ತಲೇ, "ತಡೀರಿ, ಇನ್ನೂ ಕೆಲಸ ಮುಗದಿಲ್ಲ," ಎಂದಳು.

ಮರುದಿನ ನಾನು ಜಡೆ ಹಾಕಿಕೊಳ್ಳುವಷ್ಟರಲ್ಲಿ ಅವ್ವ ಎಳ್ಳಿನ ಗಂಟು ಕಟ್ಟಿಕೊಂಡು ಅಂಗಳ ದಾಟಿದ್ದಳು. "ಲಗೂ ಬಾ, ಹೊತ್ತಾತು!" ಎಂದು ಕೂಗಿದಳು. ನಾನು ಹಿಂದೆ ಓಡಿದೆ. ಅವಳ ಇನ್ನೊಂದು ಕೈಯಲ್ಲಿ ಅರ್ಧ ತಿಂದ ರೊಟ್ಟಿ ಇತ್ತು.